ಮೇಜಿನ ಮೇಲಿನ ಫೋನ್ ಬಗ್ಗೆ ಪಲ್ಲವಿಗೆ

ಮಲ್ಲೇಶ್ವರ, ಬೆಂಗಳೂರು

ಚಿ. ಪಲ್ಲವಿಗೆ ದೊಡ್ಡಮ್ಮನ ಆಶೀರ್ವಾದಗಳು.

ಪೀಣ್ಯದ ಆಫೀಸಿನಲ್ಲಿ ಫ್ರಂಟ್ ಡೆಸ್ಕ್ ಕೆಲಸಕ್ಕೆ ಸೇರಿದ್ದೀಯ ಅಂತ ನಿನ್ನಮ್ಮ ಹೇಳಿದಳು. ತುಂಬ ಖುಷಿಯಾಯಿತು. ಮೇಜಿನ ಮೇಲಿನ ಫೋನ್ ಮುಟ್ಟೋಕೇ ಭಯ ಅಂದೆಯಂತೆ. ಮೊಬೈಲ್ ಹಿಡಿದು ಬೆಳೆದವಳಿಗೆ ಹಾಗನ್ನಿಸುವುದು ಸಹಜ ಕಣೇ. ರಿಟೈರ್ ಆಗುವವರೆಗೂ ಆಪರೇಟರ್ ಕೆಲಸವನ್ನೇ ಮಾಡಿದವಳು ನಾನು, ಅದಕ್ಕೇ ಬರೆಯುತ್ತಿದ್ದೇನೆ. ಯಾವ ಬಟನ್ ಒತ್ತುವ ಮುಂಚೆಯೂ ಒಂದೇ ಯೋಚನೆ ಮಾಡು: ಒತ್ತಿದರೆ ಆ ಕಡೆಯವರಿಗೆ ಏನು ಕೇಳಿಸುತ್ತದೆ?

ಮ್ಯೂಟ್, ಹೋಲ್ಡ್ ಎರಡೂ ಒಂದೇ ಅಂತ ಹೊಸಬರು ಅಂದುಕೊಳ್ಳುತ್ತಾರೆ. ಮ್ಯೂಟ್ ಒತ್ತಿದರೆ ನಿನ್ನ ಮಾತು ಅವರಿಗೆ ಕೇಳಿಸುವುದಿಲ್ಲ, ಅವರ ಮಾತು ನಿನಗೆ ಕೇಳಿಸುತ್ತಲೇ ಇರುತ್ತದೆ. ಹೋಲ್ಡ್ ಒತ್ತಿದರೆ ಎರಡೂ ಕಡೆ ಮಾತು ನಿಲ್ಲುತ್ತದೆ. ಅವರಿಗೆ ಸಂಗೀತವೋ ಬೀಪ್ ಸದ್ದೋ ಕೇಳಿಸುತ್ತಿರುತ್ತದೆ. ಕೆಮ್ಮು ಬಂದರೆ ಮ್ಯೂಟ್ ಸಾಕು. ಫೈಲ್ ಹುಡುಕಬೇಕು ಅಂದರೆ ಹೋಲ್ಡ್. "ಒಂದು ನಿಮಿಷ ಹೋಲ್ಡ್‌ನಲ್ಲಿ ಇರ್ತೀರಾ ಸಾರ್?" ಅಂತ ಕೇಳಿ, ಅವರು ಹೂಂ ಅಂದ ಮೇಲೆ ಒತ್ತು. ತಡವಾದರೆ ಮಧ್ಯೆ ಒಮ್ಮೆ ಲೈನಿಗೆ ಬಂದು ಹೇಳು. ರಿಸೀವರಿಗೆ ಅಂಗೈ ಮುಚ್ಚಿ ಪಕ್ಕದವರ ಜೊತೆ ಮಾತಾಡಲೇಬೇಡ. ಆ ಕಡೆಯವರಿಗೆ ಎಲ್ಲ ಕೇಳಿಸುತ್ತದೆ.

ಟ್ರಾನ್ಸ್‌ಫರ್, ಅಂದರೆ ಬಂದ ಕಾಲನ್ನು ಇನ್ನೊಬ್ಬರ ಫೋನಿಗೆ ಕಳಿಸುವುದು, ಕಲಿಯಲು ಸ್ವಲ್ಪ ಜಾಸ್ತಿ ಸಮಯ ಕೊಡು. ಸಾಮಾನ್ಯವಾಗಿ ಟ್ರಾನ್ಸ್‌ಫರ್ ಒತ್ತಿದ ಕೂಡಲೇ ಕಾಲ್ ಮಾಡಿದವರು ಹೋಲ್ಡ್‌ಗೆ ಹೋಗುತ್ತಾರೆ. ಆಮೇಲೆ ಕಳಿಸಬೇಕಾದ ಸೀಟಿನ ಎಕ್ಸ್‌ಟೆನ್ಷನ್, ಅಂದರೆ ಆಫೀಸಿನ ಒಳಗಿನ ನಂಬರ್, ಒತ್ತು. ಅಲ್ಲಿ ಎತ್ತಿದವರಿಗೆ ಯಾರ ಕಾಲ್, ಏನು ವಿಷಯ ಅಂತ ಹೇಳು. ಆಮೇಲೆ ಇನ್ನೊಮ್ಮೆ ಟ್ರಾನ್ಸ್‌ಫರ್ ಒತ್ತು. ಎತ್ತುವವರೆಗೆ ಕಾಯದೆ ಕಳಿಸಿಬಿಡುವ ದಾರಿಯೂ ಇದೆ, ಆದರೆ ನನಗೆ ಅದು ಇಷ್ಟವಿಲ್ಲ. ಆ ಸೀಟಿನಲ್ಲಿ ಯಾರೂ ಇಲ್ಲದಿದ್ದರೆ ಪಾಪ, ಕಾಲ್ ಮಾಡಿದವರು ಸುಮ್ನೆ ರಿಂಗ್ ಕೇಳುತ್ತಾ ಕೂರಬೇಕು. ಗಾಬರಿಯಲ್ಲಿ ರಿಸೀವರ್ ಇಟ್ಟುಬಿಡಬೇಡ. ಕೆಲವು ಫೋನುಗಳಲ್ಲಿ ಹಾಗೆ ಇಟ್ಟರೆ ಕಾಲ್ ಅತ್ತ ಹೋಗುತ್ತದೆ, ಕೆಲವದರಲ್ಲಿ ಹೋಗುವುದಿಲ್ಲ. ನಿಮ್ಮಲ್ಲಿ ಹೇಗೆ ಅಂತ ಮೊದಲೇ ಕೇಳಿಕೋ.

ಹಳೇ ತರಹದ ಸಣ್ಣ ಫೋನ್ ಇದ್ದರೆ ಟ್ರಾನ್ಸ್‌ಫರ್ ಬದಲು ಫ್ಲ್ಯಾಶ್ ಅನ್ನುವ ಬಟನ್ ಇರುತ್ತದೆ. ಅದು ಲೈನನ್ನು ಅರೆಗಳಿಗೆ ಕಡಿದು ಮತ್ತೆ ಡಯಲ್ ಟೋನ್ ಕೊಡಿಸುತ್ತದೆ. 1948ರಲ್ಲಿ ಶುರುವಾದ ನಮ್ಮ ದೂರವಾಣಿನಗರದ ಐಟಿಐ ಟೆಲಿಫೋನ್ ಕಾರ್ಖಾನೆಯ ಹಳೇ ಡಯಲ್ ಫೋನುಗಳಲ್ಲಿ ಈ ಬಟನ್ ಎಲ್ಲಿತ್ತು? ರಿಸೀವರ್ ಇಡುವ ಕ್ರೇಡಲ್ಲನ್ನೇ ತಟ್ಟಬೇಕಿತ್ತು. ಒಂಚೂರು ಜಾಸ್ತಿ ಹೊತ್ತು ಒತ್ತಿದರೆ ಕಾಲ್ ಕಟ್. ನೀನು ಬಟನ್ನನ್ನೇ ಬಳಸು.

ಸ್ಕ್ರೀನಿನ ಕೆಳಗೆ ಹೆಸರಿಲ್ಲದ ಬಟನ್‌ಗಳಿದ್ದರೆ ಅವುಗಳ ಕೆಲಸ ಆಗಾಗ ಬದಲಾಗುತ್ತದೆ. ರಿಂಗ್ ಆಗುವಾಗ ಒಂದು, ಮಾತಾಡುವಾಗ ಇನ್ನೊಂದು. ಮೇಲೆ ಸ್ಕ್ರೀನಿನಲ್ಲಿ ಏನು ಬರೆದಿದೆ ಅಂತ ಓದಿ ಒತ್ತು. ವಾಲ್ಯೂಮ್ ಕೂಡ ಹಾಗೇ. ಸುಮ್ಮನಿದ್ದಾಗ ಒತ್ತಿದರೆ ರಿಂಗ್ ಸದ್ದು ಬದಲಾಗುತ್ತದೆ, ಮಾತಾಡುವಾಗ ಒತ್ತಿದರೆ ಕಿವಿಗೆ ಕೇಳುವ ಸದ್ದು. ನೀನು ಅಕೌಂಟ್ಸ್‌ನಲ್ಲಿ ಕೀಬೋರ್ಡ್ ನೋಡದೆ ಅಂಕಿ ಒತ್ತಿದವಳು, ಅಲ್ವಾ? ಅಲ್ಲಿ 7-8-9 ಮೇಲಿನ ಸಾಲು, ಇಲ್ಲಿ 1-2-3 ಮೇಲಿನ ಸಾಲು. ಬೆರಳು ತಪ್ಪುತ್ತದೆ, ಜೋಪಾನ. 5ರ ಮೇಲೆ ಸಣ್ಣ ಉಬ್ಬು ಇರುತ್ತದೆ, ಅದನ್ನು ಹಿಡಿದು ಅಭ್ಯಾಸ ಮಾಡು.

ಬೆಳಗ್ಗೆ ಕೂತ ಕೂಡಲೇ ಡಿಎನ್‌ಡಿಯೋ (ರಿಂಗ್ ಆಗದಂತೆ ತಡೆಯುವುದು) ಕಾಲ್ ಫಾರ್ವರ್ಡೋ (ಕಾಲನ್ನು ಬೇರೆ ನಂಬರಿಗೆ ಕಳಿಸುವುದು) ಆನ್ ಆಗಿದೆಯಾ ನೋಡು. ಆನ್ ಇದ್ದರೆ, ಎಲ್ಲರೂ ಕಾಲ್ ಮಾಡುತ್ತಿದ್ದರೂ ನಿನ್ನ ಫೋನ್ ಸದ್ದೇ ಮಾಡದೆ ಕೂತಿರಬಹುದು. ಕೆಂಪು ದೀಪ ಮಿನುಗುತ್ತಿದ್ದರೆ ಸಾಮಾನ್ಯವಾಗಿ ಯಾರೋ ವಾಯ್ಸ್‌ಮೇಲ್ ಬಿಟ್ಟಿದ್ದಾರೆ ಅಂತ. ನಿಮ್ಮ ನಂಬರ್ ಕೇಳಿದವರಿಗೆ 080 ಸೇರಿಸಿಯೇ ಹೇಳು, ಮೊಬೈಲಿನಿಂದ ಮಾಡುವವರಿಗೆ ಅದು ಬೇಕೇ ಬೇಕು.

ಒಂದು ಮಾತು ಮರೆಯಬೇಡ ಪುಟ್ಟಿ. ಹೊರಗಿನ ಲೈನಿಗೆ ಮೊದಲು 0 ಒತ್ತಬೇಕೋ 9 ಒತ್ತಬೇಕೋ, ತುರ್ತಿನ 112ಕ್ಕೂ ಹಾಗೇ ಒತ್ತಬೇಕಾ ಅಂತ ಮೊದಲ ದಿನವೇ ಕೇಳು. ಚೀಟಿಯಲ್ಲಿ ಬರೆದು ಫೋನಿಗೆ ಅಂಟಿಸು. ಯಾರಾದರೂ ಕುಸಿದು ಬಿದ್ದ ಹೊತ್ತಿನಲ್ಲಿ ಅದನ್ನು ಯೋಚಿಸುತ್ತಾ ನಿಲ್ಲೋಕಾಗಲ್ಲ.

ಈ ವಾರ ಮೇಲಿನವರನ್ನು ಕೇಳಿಕೊಂಡು, ಊಟದ ಹೊತ್ತಿನಲ್ಲಿ ಆ ಫೋನಿನಿಂದ ನನಗೆ ಕಾಲ್ ಮಾಡು. ಮ್ಯೂಟ್ ಮಾಡು, ಹೋಲ್ಡ್‌ಗೆ ಹಾಕು, ಪಕ್ಕದ ಸೀಟಿಗೆ ಟ್ರಾನ್ಸ್‌ಫರ್ ಮಾಡು. ನನಗೇನು ಕೇಳಿಸಿತು ಅಂತ ಒಂದೊಂದಾಗಿ ಹೇಳುತ್ತೇನೆ.

ನಿನ್ನ ಪ್ರೀತಿಯ
ದೊಡ್ಡಮ್ಮ