ನೆರೆ ಇಳಿದರೂ ಭಯ ಇಳಿದಿಲ್ಲ

ನೆರೆ ಪರಿಹಾರ ಎಂದರೆ ಅಕ್ಕಿ, ಚಾಪೆ, ಚೆಕ್ ಅಷ್ಟೇ ಎನ್ನುವಂತಾಗಿದೆ. ಸಂತ್ರಸ್ತರ ಮನಸ್ಸಿನ ಗಾಯವನ್ನು ಕೇಳುವವರೇ ಇಲ್ಲ. ವಯನಾಡಿನಲ್ಲಿ ಮಳೆ ಸುರಿದರೆ ಇಲ್ಲಿ ಕಬಿನಿ ತುಂಬುತ್ತದೆ. 2019ರ ಆಗಸ್ಟ್‌ನಲ್ಲಿ ನಂಜನಗೂಡಿನ ಮನೆಗಳಿಗೆ ನೀರು ನುಗ್ಗಿದ್ದು ಹಾಗೇ. ನಮ್ಮ ಬೀದಿಯ ಅಜ್ಜಿಯೊಬ್ಬರು ಇಂದಿಗೂ ಜೋರು ಮಳೆ ಬಂದರೆ ರೇಷನ್ ಕಾರ್ಡು, ಪಹಣಿ ಮಡಿಲಲ್ಲಿಟ್ಟುಕೊಂಡು ರಾತ್ರಿಯಿಡೀ ಕೂತಿರುತ್ತಾರೆ. ‘ಸುಮ್ನೆ ಹೆದರ್ತೀರಿ’ ಎಂದು ಗದರಿದರೆ ನಿದ್ದೆ ಬರುತ್ತದೆಯೇ? ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ‘ಟೆಲಿ ಮಾನಸ್’ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಉಚಿತ ಸಲಹೆ ಸಿಗುತ್ತದೆ. ಆದರೆ ಅಜ್ಜಿಗೆ ಆ ನಂಬರ್ ಗೊತ್ತಿರಬೇಕಲ್ಲ! ಕಾಳಜಿ ಕೇಂದ್ರಗಳ ಗೋಡೆ ಮೇಲೆ ಅದನ್ನು ದಪ್ಪಕ್ಷರದಲ್ಲಿ ಬರೆಸಲಿ. ನೀರು ಇಳಿದ ಮೇಲೂ ಆರು ತಿಂಗಳು ಆಶಾ ಕಾರ್ಯಕರ್ತೆಯರ ಜೊತೆ ಆಪ್ತ ಸಮಾಲೋಚಕರನ್ನು ಮನೆಮನೆಗೆ ಕಳುಹಿಸಲಿ.

– ಒಬ್ಬ ಓದುಗ, ನಂಜನಗೂಡು, ಮೈಸೂರು ಜಿಲ್ಲೆ