ಪುಟ್ಟಿ, ನಿನ್ನ ಏಳನೇ ನಂಬರಿನ ಜೆರ್ಸಿ ವಿಷಯ

ಪುಟ್ಟಿ,

ನಿನ್ನ ನೀಲಿ ಜೆರ್ಸಿ ಕಳೆದುಹೋಗಿಲ್ಲ. ಆಗಸ್ಟಿನಲ್ಲಿ ರಜೆಗೆ ಬಂದಾಗ ನೀನು ಬೀರು, ಅಟ್ಟ, ಮಂಚದ ಕೆಳಗಿನ ಸೂಟ್‌ಕೇಸು ಎಲ್ಲ ಕೆದಕಿ ಹುಡುಕಿದೆ, ನಾನು "ಇಲ್ಲೇ ಎಲ್ಲೋ ಇರತ್ತೆ ಕಣೇ" ಅಂದು ಅಡುಗೆಮನೆಗೆ ಹೋಗಿ ಒಗ್ಗರಣೆ ಹಾಕುವ ನೆಪದಲ್ಲಿ ನಿಂತುಬಿಟ್ಟೆ. ಅದು ಸುಳ್ಳು. ನೀನು ಗ್ಲಾಸ್ಗೋಗೆ ಹೋದ ಮೇಲೂ ನಿನ್ನೆ ಫೋನಿನಲ್ಲಿ ಮತ್ತೆ ಕೇಳಿದೆ ನೋಡು, ರಾತ್ರಿ ನಿದ್ದೆ ಬರಲಿಲ್ಲ. ಹೇಳಿಬಿಡುತ್ತೇನೆ. ಜೂನ್ 4ರ ಮಂಗಳವಾರ ಕೆಲಸ ಮುಗಿಸಿ ನಾನು ಅದನ್ನು ಹೆಡಿಂಗ್ಲಿ ಮೈದಾನಕ್ಕೆ ತಗೊಂಡು ಹೋಗಿ, ತೀರಿಹೋದ ರಗ್ಬಿ ಆಟಗಾರ ರಾಬ್ ಬರೋ ನೆನಪಿಗೆ ಅಂತ ಅಲ್ಲಿ ಕಂಬಿಗೆ ಕಟ್ಟಿ ಬಂದೆ. ನಿನ್ನನ್ನು ಕೇಳಲಿಲ್ಲ. ಕೇಳಿದ್ದರೆ ಬೇಡ ಅಂತಿದ್ದೆ, ಅದು ನನಗೆ ಗೊತ್ತಿತ್ತು.

ಬೈಯುವ ಮುಂಚೆ ಪೂರ್ತಿ ಓದು.

ಮೊದಲು ಆ ಜೆರ್ಸಿ ನಮ್ಮ ಮನೆಗೆ ಬಂದ ಕತೆ. ನಿನಗೆ ಅರ್ಧ ಗೊತ್ತು. ಲೀಡ್ಸ್‌ನಲ್ಲಿ ಕೆಲಸ ಅಂದ ತಕ್ಷಣ ನಿಮ್ಮಪ್ಪ ಕುಣಿದಾಡಿದ್ದು ಸಂಬಳಕ್ಕಲ್ಲ, ಹೆಡಿಂಗ್ಲಿ ಮೈದಾನ ಇದೆ ಅಂತ. 2002ರ ಆಗಸ್ಟಿನಲ್ಲಿ ಮೋಡ ಮುಚ್ಚಿ ಚೆಂಡು ಹಾವಿನ ಹಾಗೆ ತಿರುಗುತ್ತಿದ್ದ ಆ ಪಿಚ್ಚಿನ ಮೇಲೆ ನಮ್ಮ ದ್ರಾವಿಡ್ 148 ಹೊಡೆದದ್ದು, ಆಮೇಲೆ ಕುಂಬ್ಳೆ ಎರಡೂ ಇನಿಂಗ್ಸಿನಲ್ಲಿ ಸೇರಿ ಏಳು ವಿಕೆಟ್ ತೆಗೆದದ್ದು, ಇಂಡಿಯಾ ಇನಿಂಗ್ಸ್ ಮತ್ತು 46 ರನ್ನಿನಿಂದ ಗೆದ್ದದ್ದು, ಇದನ್ನೆಲ್ಲ ಅವರು ಸತ್ಯನಾರಾಯಣ ಕತೆಯ ಹಾಗೆ ಹೇಳುತ್ತಾರಲ್ವಾ. ಆದರೆ ಹೆಡಿಂಗ್ಲಿ ಅಂದರೆ ಎರಡು ಮೈದಾನ. ಬೆನ್ನಿಗೆ ಬೆನ್ನು ಕೊಟ್ಟು ಕೂತ ಒಂದೇ ಸ್ಟ್ಯಾಂಡು, ಈ ಕಡೆ ಕ್ರಿಕೆಟ್, ಆ ಕಡೆ ರಗ್ಬಿ ಲೀಗ್. ನಿಮ್ಮಪ್ಪ ಈ ಕಡೆಯವರು. ನಾನು ಆ ಕಡೆಯವಳಾಗಿಬಿಟ್ಟೆ.

ಅದಕ್ಕೆ ಕಾರಣ ಪಕ್ಕದ ಮನೆಯ ಅಜ್ಜ. ಕಲ್ಲಿದ್ದಲು ಗಣಿಯಲ್ಲಿ ದುಡಿದು ನಿವೃತ್ತರಾದವರು. ಬೇಲಿಯ ಆ ಕಡೆ ಅವರು, ಈ ಕಡೆ ನಾನು, ಇಬ್ಬರ ಕೈಯಲ್ಲೂ ಟೀ. ರಗ್ಬಿಯಲ್ಲಿ ಎರಡು ಜಾತಿ ಅಂತ ಹೇಳಿಕೊಟ್ಟವರು ಅವರೇ. 1895ರಲ್ಲಿ ಹಡರ್ಸ್‌ಫೀಲ್ಡ್‌ನ ಜಾರ್ಜ್ ಹೋಟೆಲಿನಲ್ಲಿ ಉತ್ತರದ ಕ್ಲಬ್ಬುಗಳು ಸಭೆ ಸೇರಿ ಬೇರೆಯಾದವು. ಯಾಕೆ ಅಂದರೆ ಗಣಿಯವರು, ಮಿಲ್ಲಿನವರು ಶನಿವಾರ ಆಡಲು ಹೋದರೆ ಅವತ್ತಿನ ಕೂಲಿ ಹೋಗುತ್ತಿತ್ತು. ಆ ಕೂಲಿ ತುಂಬಿಕೊಡಿ ಅಂದರೆ ದೊಡ್ಡ ಮನೆತನದ ಜನ ಛೇ, ದುಡ್ಡಿಗೆ ಆಡೋದಾ ಅಂದರು. ಸರಿ, ನಿಮ್ಮದು ನಿಮಗೆ, ನಮ್ಮದು ನಮಗೆ. ದೊಡ್ಡ ಮನೆತನದವರದು ರಗ್ಬಿ ಯೂನಿಯನ್, 15 ಜನ; ಗಣಿಯವರದು ರಗ್ಬಿ ಲೀಗ್, 13. ಆರು ಸಲ ಹಿಡಿಸಿಕೊಂಡರೆ ಚೆಂಡು ಎದುರಾಳಿಗೆ ಬಿಟ್ಟುಕೊಡಬೇಕು. ನನಗೆ ಇದು ಕೇಳಿದ ತಕ್ಷಣ ಅರ್ಥವಾಯಿತು. ನಾನು ಹೈಸ್ಕೂಲಿನಲ್ಲಿ ಕಬಡ್ಡಿ ಆಡಿದವಳು ಕಣೇ, ಹಿಡಿಯೋದು, ಬಿಡಿಸಿಕೊಳ್ಳೋದು, ಗೆರೆ ಮುಟ್ಟೋದು ನನಗೆ ಯಾರೂ ಹೇಳಿಕೊಡಬೇಕಿಲ್ಲ.

ಆ ಕಣ್ಣಿಗೇ ಲೀಡ್ಸ್ ರೈನೋಸ್ ತಂಡದ ರಾಬ್ ಬರೋ ಬಿದ್ದದ್ದು. ಸುತ್ತ ಎಮ್ಮೆ ಗಾತ್ರದ ಆಳುಗಳು, ನೂರು ಕೆಜಿ ದಾಟಿದವರು. ನಡುವೆ 5 ಅಡಿ 5 ಇಂಚಿನ ಈ ಹುಡುಗ, ಬೇರೆಯವರ ಮಗ ದಾರಿ ತಪ್ಪಿ ಮೈದಾನಕ್ಕೆ ಬಂದ ಹಾಗೆ. ಅಯ್ಯೋ ಇವನನ್ನು ಯಾಕಪ್ಪಾ ಆಡಿಸ್ತಾರೆ, ಮುರಿದು ಹಾಕ್ತಾರೆ ಅಂತ ನಾನು ಕಣ್ಣು ಮುಚ್ಚಿಕೊಂಡಿದ್ದೆ. ತೆಗೆಯುವಷ್ಟರಲ್ಲಿ ಅವನು ಇಬ್ಬರ ಕಂಕುಳ ಸಂದಿನಲ್ಲಿ ನುಸುಳಿ ಆ ಕಡೆ ಇದ್ದ. ನಮ್ಮೂರ ಕಬಡ್ಡಿಯಲ್ಲಿ ಒಣಕಲು ಹುಡುಗರನ್ನೇ ರೈಡಿಗೆ ಕಳಿಸುತ್ತಿದ್ದರು, ಕೈಗೆ ಸಿಗೋದಿಲ್ಲ ಅಂತ. ಇವನು ಅದೇ ಜಾತಿ.

2011ರ ಅಕ್ಟೋಬರ್, ಮ್ಯಾಂಚೆಸ್ಟರಿನ ಓಲ್ಡ್ ಟ್ರಾಫರ್ಡ್‌ನಲ್ಲಿ ರಗ್ಬಿ ಲೀಗಿನ ದೊಡ್ಡ ಟೂರ್ನಿ ಸೂಪರ್ ಲೀಗ್‌ನ ಗ್ರ್ಯಾಂಡ್ ಫೈನಲ್, ಎದುರಿಗೆ ಸೇಂಟ್ ಹೆಲೆನ್ಸ್. ಅಜ್ಜನ ಮನೆ ಸೋಫಾದಲ್ಲಿ ನೀನು ನನ್ನ ತೊಡೆಯ ಮೇಲೆ. ಶುರುವಿಗೆ ಬೆಂಚಿನಲ್ಲಿ ಕೂತಿದ್ದವನು ಆಮೇಲೆ ಇಳಿದ. ಚೆಂಡು ಎತ್ತಿಕೊಂಡವನೇ ಒಬ್ಬನ ತೋಳಿನ ಕೆಳಗೆ ಬಗ್ಗಿದ, ಬಗ್ಗಿದ್ದು ಅಂದರೆ ನೆಲಕ್ಕೆ ಬಿದ್ದೇ ಹೋದ ಅನ್ನೋ ಅಷ್ಟು, ಆಮೇಲೆ ಎದ್ದು ಓಡಿದ ನೋಡು, ಕೊನೆಯವನನ್ನೂ ತಪ್ಪಿಸಿ ಗೆರೆ ದಾಟಿ ಚೆಂಡು ಇಟ್ಟ. ಅಜ್ಜ ಟೀ ಚೆಲ್ಲಿಕೊಂಡರು. ಲೀಡ್ಸ್ 32, ಅವರು 16. ಆ ದಿನದ ಅತ್ಯುತ್ತಮ ಆಟಗಾರ ಪ್ರಶಸ್ತಿ ಒಬ್ಬರದೂ ತಕರಾರಿಲ್ಲದೆ ಅವನಿಗೇ. ಮುಂದಿನ ವಾರವೇ ನಿನಗೆ ಜೆರ್ಸಿ ಬಂತು, ಬೆನ್ನಿಗೆ ಅವನದೇ ನಂಬರು 7. ಶಾಲೆಯಲ್ಲಿ ಯಾರಾದರೂ ಕುಳ್ಳಿ ಅಂದರೆ ನೀನು ಸೊಂಟದ ಮೇಲೆ ಕೈ ಇಟ್ಟು "ರಾಬ್ ಬರೋ ಗೊತ್ತಾ?" ಅಂತಿದ್ದೆ. ಈಗ ನೀನು ಅವನಿಗಿಂತ ಒಂದು ಇಂಚು ಎತ್ತರ, ಅದು ಬೇರೆ ಮಾತು.

2001ರಿಂದ 2017ರವರೆಗೆ ಒಂದೇ ಕ್ಲಬ್ಬು, 492 ಪಂದ್ಯ, ಎಂಟು ಸೂಪರ್ ಲೀಗ್ ಕಪ್ಪು. ಇದೆಲ್ಲ ನಿನಗೆ ಬಾಯಿಪಾಠ, ಬಿಡು.

ನಿನಗೆ ಅಷ್ಟಾಗಿ ಗೊತ್ತಿಲ್ಲದ್ದು ಆಮೇಲಿನದು. ನೀನು ಹದಿನೈದು ಹದಿನಾರರ ವಯಸ್ಸಿನಲ್ಲಿ ಕೋಣೆ ಬಾಗಿಲು ಹಾಕಿಕೊಂಡು ಇಯರ್‌ಫೋನ್ ಸಿಕ್ಕಿಸಿಕೊಂಡು ಇರುತ್ತಿದ್ದೆಯಲ್ಲ, ಆಗ. 2019ರ ಡಿಸೆಂಬರಿನಲ್ಲಿ ಅವನಿಗೆ ಮೋಟಾರ್ ನ್ಯೂರಾನ್ ಕಾಯಿಲೆ ಅಂತ ಗೊತ್ತಾಯಿತು. 37 ವಯಸ್ಸು. ಮೂರು ಮಕ್ಕಳು, ಕೊನೆಯದು ಇನ್ನೂ ತೀರಾ ಚಿಕ್ಕದು. ಸ್ನಾಯುಗಳಿಗೆ ಅಪ್ಪಣೆ ಕೊಡುವ ನರಗಳು ಒಂದೊಂದಾಗಿ ಸಾಯುತ್ತವೆ. ಮಾತು, ಕೈ, ಕಾಲು, ನುಂಗೋದು, ಕೊನೆಗೆ ಉಸಿರು. ತಲೆ ಮಾತ್ರ ಎಷ್ಟೋ ಜನಕ್ಕೆ ಚೆನ್ನಾಗಿಯೇ ಇರುತ್ತದೆ, ಎಲ್ಲ ಗೊತ್ತಾಗುತ್ತಾ ಇರುತ್ತದೆ. ವಾಸಿಮಾಡುವ ಔಷಧಿ ಇಲ್ಲ. ಮಾತು ಹೋದ ಮೇಲೆ ಕಣ್ಣಿನ ನೋಟದಿಂದ ಅಕ್ಷರ ಆರಿಸುವ ಯಂತ್ರ ಬಂತು. ಹಳೆಯ ಸಂದರ್ಶನಗಳಿಂದ ಅವನದೇ ದನಿ ತೆಗೆದು ಅದಕ್ಕೆ ಹಾಕಿದ್ದರಿಂದ ಯಂತ್ರವೂ ಯಾರ್ಕ್‌ಷೈರ್ ಧಾಟಿಯಲ್ಲೇ ಮಾತಾಡುತ್ತಿತ್ತು. ಅದರಲ್ಲೂ ತಮಾಷೆ ಮಾಡುತ್ತಿದ್ದ.

ಅವನ ನಾಯಕನಾಗಿದ್ದ ಕೆವಿನ್ ಸಿನ್‌ಫೀಲ್ಡ್ ಓಡಿದ್ದು ಊರಿಗೆಲ್ಲ ಗೊತ್ತು. 2020ರ ಡಿಸೆಂಬರಿನಲ್ಲಿ ಏಳು ದಿನ ಏಳು ಮ್ಯಾರಥಾನ್, 77,777 ಪೌಂಡ್ ಸಿಕ್ಕರೆ ಸಾಕು ಅಂತ ಹೊರಟವನಿಗೆ 20 ಲಕ್ಷ ದಾಟಿತು. ಮರುವರ್ಷ ಲೆಸ್ಟರ್‌ನಿಂದ ಹೆಡಿಂಗ್ಲಿಗೆ 24 ಗಂಟೆಯಲ್ಲಿ 101 ಮೈಲಿ. 2023ರ ಮೇ 14ಕ್ಕೆ ರಾಬ್ ಹೆಸರಿನಲ್ಲೇ ಲೀಡ್ಸ್ ಮ್ಯಾರಥಾನ್, ಅವನನ್ನು ಗಾಲಿಕುರ್ಚಿಯಲ್ಲಿ ಕೂರಿಸಿ ಆ ಏರುತಗ್ಗೆಲ್ಲ ತಳ್ಳಿಕೊಂಡು ಓಡಿದ. ಕೊನೆಯ ಗೆರೆಯ ಹತ್ತಿರ ಕುರ್ಚಿ ನಿಲ್ಲಿಸಿ, ಬೆಲ್ಟು ಬಿಚ್ಚಿ, ಗೆಳೆಯನನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ದಾಟಿಸಿದ. ಆ ವಿಡಿಯೋ ನಾನು ತಿಪಟೂರಿಗೆ ಕಳಿಸಿದೆ. ಅಜ್ಜಿ ನೋಡಿ ಫೋನ್ ಮಾಡಿದರು. "ಆ ಎತ್ತಿಕೊಂಡೋನು ಅವನಿಗೆ ಅಣ್ಣ ಆಗಬೇಕೇನೇ?" ಅಂದರು. ಇಲ್ಲಮ್ಮ, ಜೊತೆಗೆ ಆಡಿದವನು ಅಷ್ಟೇ ಅಂದೆ. ಸ್ವಲ್ಪ ಹೊತ್ತು ಆ ಕಡೆಯಿಂದ ಮಾತೇ ಇಲ್ಲ.

ಎಲ್ಲರೂ ಸಿನ್‌ಫೀಲ್ಡ್ ಓಟ ನೋಡಿದರು, ತಪ್ಪಲ್ಲ. ಆದರೆ ನಾನು ನೋಡುತ್ತಿದ್ದದ್ದು ಲಿಂಡ್ಸಿಯನ್ನು, ಅವನ ಹೆಂಡತಿಯನ್ನು. ನನ್ನ ಕೆಲಸ ನಿನಗೆ ಗೊತ್ತಲ್ಲ. ಎಂಟು ವರ್ಷದಿಂದ ವಯಸ್ಸಾದವರಿಗೆ ಚಮಚದಲ್ಲಿ ತಿನ್ನಿಸಿ, ಮಗ್ಗುಲು ಬದಲಿಸಿ, ಗಂಟಲಿಗೆ ಸಿಕ್ಕರೆ ಬೆನ್ನು ತಟ್ಟಿ ಬರುತ್ತಿದ್ದೇನೆ. ಅದು ಎಂಟು ಗಂಟೆಯ ಪಾಳಿ, ಆಮೇಲೆ ನಾನು ಕೋಟು ಹಾಕಿಕೊಂಡು ಬಸ್ಸು ಹತ್ತುತ್ತೇನೆ. ಅವಳಿಗೆ ಬಸ್ಸಿಲ್ಲ. ಅವಳು ಫಿಸಿಯೋಥೆರಪಿಸ್ಟು, ಮುಂದೇನಾಗುತ್ತದೆ ಅಂತ ಬೇರೆಯವರಿಗಿಂತ ಚೆನ್ನಾಗಿ ಗೊತ್ತು. ನೀನಿನ್ನೂ ಚಿಕ್ಕವಳು, ಬೇರೆ ಯಾರನ್ನಾದರೂ ನೋಡಿಕೋ ಅಂತ ಅವನು ಅಂದಿದ್ದನಂತೆ. ಅವಳು ಒಪ್ಪಲಿಲ್ಲ. ಮ್ಯಾರಥಾನಿನಲ್ಲಿ ಅವಳೂ ಓಡಿದಳು ಕಣೇ, ಅದನ್ನು ಎಷ್ಟು ಜನ ನೆನಪಿಟ್ಟಿದ್ದಾರೆ ಹೇಳು. ಟಿವಿಯಲ್ಲಿ ಅವಳು ಅವನ ಬಾಯಿ ಒರೆಸುವುದನ್ನು ಒಮ್ಮೆ ತೋರಿಸಿದರು. ಹೇಗೆ ಒರೆಸಬೇಕೋ ಹಾಗೆ, ಕೆನ್ನೆಗೆ ಒಂದು ಕೈ ಇಟ್ಟು. ನಾವು ಗಡಿಬಿಡಿಯಲ್ಲಿ ಹಾಗೆ ಮಾಡುವುದಿಲ್ಲ. ಮಾರನೇ ದಿನದಿಂದ ನಾನು ಮಾಡತೊಡಗಿದೆ.

ಈ ವರ್ಷ, 2024ರ ಜೂನ್ 2, ಭಾನುವಾರ ಸಂಜೆ ಅವನು ಹೋದ ಸುದ್ದಿ ಬಂತು. 41 ವಯಸ್ಸು. ನಾನು ಅಕ್ಕಿ ತೊಳೆಯುತ್ತಿದ್ದೆ, ಹಾಗೇ ಕೂತುಬಿಟ್ಟೆ. ಅಜ್ಜಿಗೆ ಫೋನಿನಲ್ಲಿ ಹೇಳಿದರೆ, "ಅಲ್ಲಾ, ಅವನು ನಿನಗೇನಾಗಬೇಕು ಅಂತ ಹೀಗೆ ಅಳ್ತೀಯಾ?" ಅಂದರು. ಬೈಗುಳ ಅಲ್ಲ, ನಿಜವಾಗಿಯೂ ಕೇಳಿದ್ದು. ನನಗೆ ಉತ್ತರ ಹೊಳೆಯಲಿಲ್ಲ.

ಮಂಗಳವಾರ ಹೆಡಿಂಗ್ಲಿಗೆ ಹೋದೆ ಅಂದೆನಲ್ಲ. ಹೂವು, ಮೇಣದಬತ್ತಿ, ಮಕ್ಕಳು ಬರೆದ ಚಿತ್ರ. ಕಂಬಿ ತುಂಬ ಜೆರ್ಸಿ, ಸ್ಕಾರ್ಫು. ಬರೀ ಲೀಡ್ಸ್‌ದಲ್ಲ, ಕಾಸಲ್‌ಫೋರ್ಡ್, ವಿಗನ್, ಅವತ್ತು ಸೋತ ಸೇಂಟ್ ಹೆಲೆನ್ಸ್‌ದೂ ಇತ್ತು, ಶನಿವಾರ ಬಂದರೆ ಬಾಯಿಗೆ ಬಂದ ಹಾಗೆ ಬೈದಾಡುವ ಜನ. ಒಬ್ಬ ದೈತ್ಯ ಮನುಷ್ಯ, ಕತ್ತಿನ ತನಕ ಹಚ್ಚೆ, ಚಿಕ್ಕ ಮಗುವಿನ ಜೆರ್ಸಿ ಹಿಡಿದು ನಿಂತಿದ್ದ. ಗಂಟು ಹಾಕಲು ಅವನ ಕೈ ಬರುತ್ತಿರಲಿಲ್ಲ. ನಾನು ಹಾಕಿಕೊಟ್ಟೆ. ಪಕ್ಕದಲ್ಲೇ ನಿನ್ನದನ್ನೂ ಕಟ್ಟಿದೆ. ಅವನು "ಟಾ, ಲವ್" ಅಂದ, ಇಲ್ಲಿಯವರ ಥ್ಯಾಂಕ್ಸು, ಅಷ್ಟೇ ಮಾತು.

ಹಿಂದಿನ ದಿನವೇ, ಅಂದರೆ ಅವನು ಹೋದ ಮಾರನೇ ದಿನವೇ, ಲೀಡ್ಸ್‌ನ ಸೀಕ್ರಾಫ್ಟ್ ಆಸ್ಪತ್ರೆಯಲ್ಲಿ ಈ ಕಾಯಿಲೆಯವರಿಗಾಗಿ ಅವನ ಹೆಸರಿನ ಕೇಂದ್ರಕ್ಕೆ ಗುದ್ದಲಿ ಹಾಕಿದರು. ಮುಂದೂಡಬೇಡಿ ಅಂತ ಅವನ ಮನೆಯವರೇ ಹೇಳಿದ್ದು. ಆ ವಾರ ಲಂಡನ್ನಿನ ವೆಂಬ್ಲಿಯಲ್ಲಿ ರಗ್ಬಿ ಲೀಗಿನ ಚಾಲೆಂಜ್ ಕಪ್ ಫೈನಲ್‌ನಲ್ಲಿ ಆಡಿದ್ದು ವಿಗನ್ ಮತ್ತು ವಾರಿಂಗ್ಟನ್, ಲೀಡ್ಸ್ ಅಲ್ಲವೇ ಅಲ್ಲ. ಆದರೂ ಅವನ ನಂಬರಿಗೆ ಅಂತ ಏಳನೇ ನಿಮಿಷಕ್ಕೆ ಚಪ್ಪಾಳೆಯೋ ಚಪ್ಪಾಳೆ.

ಜುಲೈ 7, ಏಳನೇ ತಿಂಗಳ ಏಳನೇ ತಾರೀಖು, ಅಂತ್ಯಕ್ರಿಯೆ. ಅಜ್ಜ ಕಾರು ತೆಗೆದು ನನ್ನನ್ನು ಫೆದರ್‌ಸ್ಟೋನ್‌ಗೆ ಕರೆದುಕೊಂಡು ಹೋದರು. ಅವನು ಹುಡುಗನಾಗಿದ್ದಾಗ ಆಡಿದ ಫೆದರ್‌ಸ್ಟೋನ್ ಲಯನ್ಸ್ ಕ್ಲಬ್ಬಿನ ಮುಂದೆ ಹಾದು ಪಾಂಟಿಫ್ರ್ಯಾಕ್ಟ್‌ಗೆ ಹೋಗುತ್ತಾರೆ ಅಂತ ಗೊತ್ತಿತ್ತು. ರಸ್ತೆಯ ಎರಡೂ ಕಡೆ ಜನವೋ ಜನ. ಬರುವವರೆಗೆ ಹವಾಮಾನ, ಮೊಣಕಾಲು ನೋವು, ಯಾರ ಮಗ ಯಾವ ಕ್ಲಬ್ಬು ಅಂತ ಲೊಡಲೊಡ ಮಾತು. ಕಾರು ತಿರುವಿನಲ್ಲಿ ಕಂಡಿತು ನೋಡು, ಎಲ್ಲರೂ ಗಪ್‌ಚಿಪ್. ಆಮೇಲೆ ಯಾರೋ ಚಪ್ಪಾಳೆ ತಟ್ಟಿದರು, ಎಲ್ಲರೂ ತಟ್ಟಿದರು. ನಮ್ಮ ಕಡೆ ಸಾವಿನ ಮುಂದೆ ಚಪ್ಪಾಳೆ ತಟ್ಟುವುದಿಲ್ಲ, ನನ್ನ ಕೈ ಮೊದಲು ಎದ್ದದ್ದು ಮುಗಿಯೋಕೆ. ಮುಗಿದೆ, ಆಮೇಲೆ ತಟ್ಟಿದೆ. ಅಜ್ಜ ಟೋಪಿ ತೆಗೆದು ಎದೆಗೆ ಹಿಡಿದುಕೊಂಡಿದ್ದರು. ವಾಪಸ್ ಬರುವಾಗ ದಾರಿಯುದ್ದಕ್ಕೂ ಅವರು 2011ರ ಆ ಓಟವನ್ನೇ ಹೇಳಿದರು, ನಾನು ಮೊದಲ ಸಲ ಕೇಳುವವಳ ಹಾಗೆ ಹೂಂ ಹೂಂ ಅಂದೆ.

ಇವತ್ತು ಸೆಪ್ಟೆಂಬರ್ 26, ಅವನ ಹುಟ್ಟಿದ ದಿನ. ಇದ್ದಿದ್ದರೆ 42. ಅದಕ್ಕೇ ಇವತ್ತೇ ಕೂತು ಬರೆದೆ, ನಾಳೆ ಅಂದರೆ ಮತ್ತೆ ಧೈರ್ಯ ಬರೋದಿಲ್ಲ.

ಜೆರ್ಸಿ ಮರಳಿ ಬರುವುದಿಲ್ಲ ಪುಟ್ಟಿ. ಅದರ ಕಾಲರಿನ ಒಳಗೆ ನಿನ್ನ ಹೆಸರು ಕನ್ನಡದಲ್ಲಿ ಕಸೂತಿ ಹಾಕಿದ್ದೆ, ಶಾಲೆಯಲ್ಲಿ ಅದಲುಬದಲಾಗಬಾರದು ಅಂತ. ಆ ದೊಡ್ಡ ಮನುಷ್ಯ ಅದನ್ನು ನೋಡಿ ಇದು ಯಾವ ಲಿಪಿ ಅಂತ ಕೇಳಲಿಲ್ಲ, ಬೆರಳಿನಿಂದ ಒಮ್ಮೆ ಸವರಿದ. ಸ್ಕಾರ್ಫು ಮಾತ್ರ ಇದೆ, ನೀಲಿ-ಹಳದಿಯದು, ನನ್ನ ಹತ್ತಿರವೇ ಭದ್ರವಾಗಿದೆ. ಪೋಸ್ಟಿನಲ್ಲಿ ಕಳಿಸಲಾ, ಕ್ರಿಸ್‌ಮಸ್ ರಜೆಗೆ ಬಂದು ತಗೋತೀಯಾ? ನಿಮ್ಮಪ್ಪ ಅದನ್ನು ನಿನ್ನೆ ಬಿಸಿನೀರಿಗೆ ಹಾಕಿ ಒಗೆದು ಒಂದು ಗೇಣು ಕುಗ್ಗಿಸಿದ್ದಾರೆ. ಅದಕ್ಕೆ ನನ್ನನ್ನು ಬೈಯಬೇಡ, ಅವರನ್ನೇ ಕೇಳು.

ಅಮ್ಮ