ಒಂದೇ ಚಪ್ಪಲಿ

ಪ್ರೀತಿಯ ಪುಟ್ಟಿಗೆ,

ಬಾಯಾರಿನಿಂದ ದೊಡ್ಡಪ್ಪನ ಆಶೀರ್ವಾದ. ಇಲ್ಲಿ ಮಳೆ ಬಿಟ್ಟಿಲ್ಲ. ಅಡಿಕೆಗೆ ಮದ್ದು ಬಿಡಲು ಎರಡು ದಿನ ಬಿಸಿಲು ಸಿಕ್ಕಿದರೆ ಸಾಕು ಅಂತ ಕಾಯುತ್ತಿದ್ದೇವೆ.

ಸರಣಿ ಕೊಲೆಗಾರ ಸೈನೈಡ್ ಮೋಹನನ ಬಗ್ಗೆ ನೀನು ಮಾಡಿದ ವಿಡಿಯೋವನ್ನು ನಿನ್ನ ದೊಡ್ಡಮ್ಮ ತೋರಿಸಿದಳು. ಎರಡು ಸಲ ನೋಡಿದೆ. ನಿನಗೆ ಮಾತು ಚೆನ್ನಾಗಿ ಬರುತ್ತದೆ. ಆದರೆ ಹನ್ನೆರಡು ನಿಮಿಷದಲ್ಲಿ ಹತ್ತು ನಿಮಿಷ ಅವನದ್ದೇ ಸುದ್ದಿ. ಅವನ ಬುದ್ಧಿ, ಅವನ ವೇಷ, ಅವನ ನಗು. ಹಿಂದೆ ಢಂ ಢಂ ಅಂತ ಮ್ಯೂಸಿಕ್ಕು ಬೇರೆ. ಯಕ್ಷಗಾನದಲ್ಲಿ ರಾಕ್ಷಸನ ಪ್ರವೇಶ ಆದ ಹಾಗೆ!

ಅವನ ಊರು ಕನ್ಯಾನ ನಮಗೇನು ದೂರವಾ? ಕೇರಳದ ಗಡಿ ದಾಟಿ ಕರ್ನಾಟಕಕ್ಕೆ ಕಾಲಿಟ್ಟರೆ ಸಿಕ್ಕಿತು. ಅವನು ಪ್ರೈಮರಿ ಶಾಲೆಯ ಮಾಷ್ಟ್ರಾಗಿದ್ದವನು. ಮದುವೆಯಾಗುತ್ತೇನೆ, ವರದಕ್ಷಿಣೆ ಬೇಡ ಅನ್ನುತ್ತಿದ್ದ. ಆ ಒಂದು ಮಾತು ಬಡವರ ಮನೆಯಲ್ಲಿ ಎಷ್ಟು ತೂಗುತ್ತದೆ ಅನ್ನುವುದು ನಿನ್ನ ವಿಡಿಯೋದಲ್ಲಿ ಬರಲೇ ಇಲ್ಲ. ಚಿನ್ನ ಹಾಕಿಕೊಂಡು ಬಾ ಅನ್ನುವುದು, ದೂರದ ಊರಿನ ಲಾಡ್ಜು, ಮರುದಿನ ಬಸ್ ಸ್ಟ್ಯಾಂಡಿನಲ್ಲಿ ಗರ್ಭ ನಿಲ್ಲದ ಮಾತ್ರೆ ಅಂತ ಸೈನೈಡ್ ಕೊಡುವುದು. ಹೀಗೆ 20 ಮಂದಿ ಹೆಂಗಸರನ್ನು ಕೊಂದ.

ಇಪ್ಪತ್ತರವರೆಗೆ ಹೇಗೆ ಹೋಯಿತು ಅಂತ ನೀನು ಕೇಳಬೇಕಿತ್ತು. ಹೆಣ ಸಿಕ್ಕಿದ್ದು ಮಡಿಕೇರಿಯಲ್ಲಿ, ಮೈಸೂರಿನಲ್ಲಿ, ಬೆಂಗಳೂರಿನಲ್ಲಿ. ಅಲ್ಲಿ ಅಪರಿಚಿತ ಹೆಂಗಸು, ಅಸಹಜ ಸಾವು ಅಂತ ಫೈಲು. ಇಲ್ಲಿ ಮನೆಯಲ್ಲಿ, ಯಾರ ಜೊತೆಗೋ ಓಡಿಹೋದಳು ಅಂತ ತಲೆ ತಗ್ಗಿಸಿ ಕೂತವರು ಎಷ್ಟೋ. ದೂರು ಕೊಟ್ಟರೆ ಮಾನ ಹೋಗುತ್ತದಲ್ವಾ? 2009ರಲ್ಲಿ ಬಂಟ್ವಾಳ ಕಡೆಯ ಒಬ್ಬಳು ಕಾಣೆಯಾದಾಗ, ಬೇರೆ ಧರ್ಮದ ಹುಡುಗನ ಜೊತೆ ಹೋದಳು ಅಂತ ಗಲಾಟೆ ಎದ್ದಿತು. ಆ ಊಹೆ ಪೂರ್ತಿ ಸುಳ್ಳು. ಪೊಲೀಸರು ಅವಳ ಫೋನ್ ಕರೆಗಳ ಪಟ್ಟಿ ತೆಗೆದರು. ಅದರಲ್ಲಿದ್ದ ಒಂದು ನಂಬರಿನ ಬೆನ್ನು ಹಿಡಿದರೆ ಅದು ಕಾಣೆಯಾದ ಇನ್ನೊಬ್ಬಳದು. ಅಲ್ಲಿಂದ ಮತ್ತೊಬ್ಬಳದು. ಅಕ್ಟೋಬರ್‌ನಲ್ಲಿ ಅವನು ಸಿಕ್ಕಿಬಿದ್ದ. ಮೊದಲ ತೀರ್ಪು ಬಂದದ್ದು 2013ರ ಡಿಸೆಂಬರ್‌ನಲ್ಲಿ. ಇಪ್ಪತ್ತನೆಯದು ಬರುವಾಗ 2020ರ ಜೂನ್. ಆ ಕೊನೆಯ ಕೇಸಿನ ಹುಡುಗಿ ನಮ್ಮ ಕಾಸರಗೋಡಿನವಳು. ಹಾಸ್ಟೆಲಿನಲ್ಲಿ ಅಡುಗೆ ಕೆಲಸ ಮಾಡುತ್ತಿದ್ದಳು.

ಅವಳ ಮನೆ ಹುಡುಕಿಕೊಂಡು ಹೋಗಿ ಅಮ್ಮನ ಮಾತು ರೆಕಾರ್ಡ್ ಮಾಡುತ್ತೇನೆ ಅಂದಿದ್ದೀಯಲ್ಲ, ಅದು ಬೇಡ. ಕೇಸು ಮುಗಿದಿದೆ. ಆ ಮನೆಯವರಿಗೆ ನೀನು ಕೊಡುವಂಥದ್ದು ಏನೂ ಇಲ್ಲ.

ಇನ್ನೊಂದು. "ಅವನು ಪೊಲೀಸರ ಮುಂದೆ ಒಪ್ಪಿಕೊಂಡ, ಅಲ್ಲಿಗೆ ಕೇಸ್ ಮುಗಿಯಿತು" ಅಂದೆ. ಮುಗಿಯುವುದಿಲ್ಲ ಮಗಾ. ಪೊಲೀಸರ ಮುಂದೆ ಕೊಟ್ಟ ತಪ್ಪೊಪ್ಪಿಗೆ ಕೋರ್ಟಿನಲ್ಲಿ ನಿಲ್ಲುವುದಿಲ್ಲ. ಹಳೆಯ ಸಾಕ್ಷ್ಯ ಕಾಯ್ದೆಯಲ್ಲಿ ಅದು 25ನೇ ಕಲಂ. 2024ರ ಜುಲೈಯಲ್ಲಿ ಬಂದ ಹೊಸ ಕಾಯ್ದೆಯಲ್ಲಿ 23. ಒಪ್ಪಿಕೊಂಡವನ ಮಾತಿನಿಂದ ಒಂದು ವಸ್ತು ಸಿಕ್ಕಿದರೆ, ಆ ವಸ್ತುವಿಗೆ ಸಂಬಂಧಪಟ್ಟ ಮಾತಿಗೆ ಮಾತ್ರ ಬೆಲೆ. ಯಾಕೆ ಗೊತ್ತಾ? ಇಂಗ್ಲೆಂಡಿನ ಲೆಸ್ಟರ್ ಹತ್ತಿರ 1983ರಲ್ಲಿ ಒಂದು, 1986ರಲ್ಲಿ ಒಂದು, ಇಬ್ಬರು ಹುಡುಗಿಯರ ಕೊಲೆ. ಹದಿನೇಳರ ಹುಡುಗನೊಬ್ಬ ಎರಡನೆಯದನ್ನು ಒಪ್ಪಿಕೊಂಡ. ಆಗಷ್ಟೇ ಬಂದಿದ್ದ ಡಿಎನ್ಎ ಪರೀಕ್ಷೆ ಮಾಡಿದರೆ ಅವನಲ್ಲವೇ ಅಲ್ಲ! ಆಮೇಲೆ ಪೊಲೀಸರು ಸುತ್ತಲಿನ ಗಂಡಸರ ರಕ್ತ ಪರೀಕ್ಷೆ ಮಾಡಿಸಿದಾಗ, ಕೊಲೆಗಾರ ಕಾಲಿನ್ ಪಿಚ್‌ಫೋರ್ಕ್ ತನ್ನ ಬದಲು ಬೇರೊಬ್ಬನಿಂದ ರಕ್ತ ಕೊಡಿಸಿ ತಪ್ಪಿಸಿಕೊಂಡಿದ್ದ. ರಕ್ತ ಕೊಟ್ಟವನು ಹೆಂಡದಂಗಡಿಯಲ್ಲಿ ಬಾಯಿಬಿಟ್ಟ, ಹಾಗಾಗಿ ಸಿಕ್ಕಿದ. ಕೊಲೆ ಕೇಸಿನಲ್ಲಿ ಡಿಎನ್ಎ ಮೊದಲು ಮಾಡಿದ ಕೆಲಸ ನಿರಪರಾಧಿಯನ್ನು ಬಿಡಿಸಿದ್ದು.

ಇಷ್ಟೆಲ್ಲ ಹೇಳಲು ನೀನ್ಯಾರು ಅಂತ ಕೇಳಬಹುದು. ನಾನೂ ಒಮ್ಮೆ ಸಾಕ್ಷಿ ಹೇಳಿದವನು.

ನೀನು ಹುಟ್ಟುವ ಮೊದಲು. ಆಟಿ ತಿಂಗಳು, ಜೋರು ಮಳೆಗಾಲ. ಪಾಳುಬಿದ್ದ ಕೆಂಪುಕಲ್ಲಿನ ಕೋರೆಯ ನೀರಿನಲ್ಲಿ ಒಬ್ಬನ ಹೆಣ. ಹಾಲು ಕೊಟ್ಟು ಬರುತ್ತಿದ್ದ ನನ್ನನ್ನು ಪೊಲೀಸರು ನಿಲ್ಲಿಸಿ, ಮಹಜರಿಗೆ, ಅಂದರೆ ಸ್ಥಳದಲ್ಲಿ ಕಂಡದ್ದನ್ನು ಬರೆದಿಡುವ ಕಾಗದಕ್ಕೆ, ಸಾಕ್ಷಿ ಬೇಕು ಅಂದರು. ಕೊಡೆ ಹಿಡಿದು ನಿಂತೆ. ಕೋರೆಯ ಅಂಚಿನಲ್ಲಿ ಒಂದು ಹವಾಯಿ ಚಪ್ಪಲಿ ಇತ್ತು, ನೀಲಿ ಪಟ್ಟಿಯದ್ದು, ಹಿಮ್ಮಡಿ ಸವೆದಿತ್ತು. ಒಂದೇ. ಮತ್ತೊಂದನ್ನು ನಾನು ಹುಡುಕಿದೆ ಕೂಡ, ಸುಮ್ನೆ ಕುತೂಹಲಕ್ಕೆ. ಸಿಗಲಿಲ್ಲ. ಮಹಜರು ಬರೆದದ್ದು ಮಲಯಾಳದಲ್ಲಿ. ನಾನು ಕಲಿತದ್ದು ಕನ್ನಡ ಶಾಲೆಯಲ್ಲಿ, ಆ ಅಕ್ಷರ ನನಗೆ ಒಂದೂ ತಿಳಿಯದು. ಗಡಿಬಿಡಿಯಲ್ಲಿ ಓದಿ ಹೇಳಿದರು. ಮಳೆ ಸದ್ದಿನಲ್ಲಿ ಅರ್ಧ ಕೇಳಿತು. ಹಾಲಿನ ಕ್ಯಾನು ಕೆಳಗಿಟ್ಟು ರುಜು ಹಾಕಿದೆ.

ಆರು ವರ್ಷ ಕಳೆದು ಕೋರ್ಟಿನಿಂದ ಸಮನ್ಸು. ಎಷ್ಟು ಚಪ್ಪಲಿ ನೋಡಿದಿರಿ ಅಂತ ಎದುರು ವಕೀಲರು ಕೇಳಿದರು. ಒಂದು ಅಂದೆ. ನಿಮ್ಮ ರುಜು ಇರುವ ಕಾಗದದಲ್ಲಿ ಒಂದು ಜೊತೆ ಅಂತ ಇದೆಯಲ್ಲ ಅಂದರು. ನನ್ನ ಕೈ ನಡುಗಿತು. ಓದದೆ ರುಜು ಹಾಕಿದಿರಾ ಅಂತ ಕೇಳಿದಾಗ ಹೌದು ಅಂದೆ. ಆರೋಪಿಗಳ ಬಿಡುಗಡೆ ಆಯಿತು. ನನ್ನ ಮಾತಿನಿಂದಲೋ, ಬೇರೆ ಕಾರಣದಿಂದಲೋ ಗೊತ್ತಿಲ್ಲ. ಸತ್ತವನ ಹೆಂಡತಿ ಕೋರ್ಟಿನ ಮೆಟ್ಟಿಲ ಮೇಲೆ ಕೂತಿದ್ದಳು. ಅವಳನ್ನು ದಾಟಿಕೊಂಡೇ ಬಸ್ಸಿಗೆ ಬಂದೆ.

ವಿಡಿಯೋ ಮಾಡುವುದನ್ನು ನಿಲ್ಲಿಸು ಅಂತ ನಾನು ಹೇಳುವುದಿಲ್ಲ, ಹೇಳಿದರೂ ನೀನು ಕೇಳುವವಳಲ್ಲ. ಹುಡುಗಿಯರ ಫೋಟೋ ತೆಗೆ, ಆ ಮ್ಯೂಸಿಕ್ಕು ತೆಗೆ. ಯಾವ ಮಾತು ತೀರ್ಪಿನದ್ದು, ಯಾವುದು ಬಾಯಿಂದ ಬಾಯಿಗೆ ಬಂದದ್ದು ಅಂತ ಬೇರೆ ಬೇರೆ ಹೇಳು.

ನವರಾತ್ರಿಗೆ ಬರುತ್ತೀಯಲ್ಲ? ಆ ಮಹಜರಿನ ಒಂದು ನಕಲನ್ನು ಪರಿಚಯದ ವಕೀಲರು ಆಮೇಲೆ ಕೊಟ್ಟಿದ್ದರು. ಟ್ರಂಕಿನಲ್ಲಿದೆ. ನಿನಗೆ ಮಲಯಾಳ ಓದಲು ಬರುತ್ತದಲ್ವಾ, ಒಮ್ಮೆ ನಿಧಾನಕ್ಕೆ ಓದಿ ಹೇಳು. ಚಪ್ಪಲಿ ಬಿಟ್ಟು ಬೇರೆ ಯಾವುದಕ್ಕೆಲ್ಲ ರುಜು ಹಾಕಿದ್ದೆ ಅಂತ ನೋಡಬೇಕು.

ಇತಿ,
ನಿನ್ನ ದೊಡ್ಡಪ್ಪ